ಮೂರು ಪರದೆಗೆ ಒಂದು ಕಾರ್ಡು

ನನ್ನ ಮದುವೆ ಗೊತ್ತಾದ ಬೇಸಿಗೆಯಲ್ಲಿ ನಾನು ಸೀರೆಗಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಒಂದು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ. ರಾಯಚೂರಿನ ನಮ್ಮ ಮನೆಯ ನಡುಮನೆಯಲ್ಲಿ ನನ್ನ ಮೂರು ಮಾನಿಟರ್ ಸಾಲಾಗಿ ಕೂತಿದ್ದವು. ಮಾನ್ವಿಯಲ್ಲಿ ಕಂಪ್ಯೂಟರ್ ಪಾಠ ಹೇಳಿ, ಸಂಜೆ ಬಸ್ಸಿನಲ್ಲಿ ಧೂಳು ಕುಡಿದು ಬಂದು, ಮುಖ ತೊಳೆದು ಅವುಗಳ ಮುಂದೆ ಕೂತರೆ ಮತ್ತೆ ಮನುಷ್ಯಳಾಗುತ್ತಿದ್ದೆ. ಆಡುತ್ತಿದ್ದದ್ದು ಕಾರ್ ರೇಸು. ನಡುವಿನ ಪರದೆಯಲ್ಲಿ ರಸ್ತೆ, ಎಡಬಲದ ಪರದೆಗಳಲ್ಲಿ ಪಕ್ಕಕ್ಕೆ ನುಗ್ಗಿ ಬರುವ ಗಾಡಿಗಳು. ಮೂರೂ ಮಾನಿಟರು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಚಿತ್ರ ಬದಲಿಸಬಲ್ಲವು. ಅಷ್ಟು ಚಿತ್ರ ಒದಗಿಸುವ ತಾಕತ್ತು ಕಂಪ್ಯೂಟರಿನೊಳಗಿನ ಹಳೆಯ ಕಾರ್ಡಿಗೆ ಇರಲಿಲ್ಲ. ತಿರುವು ಬಂತೆಂದರೆ ಎಲ್ಲ ತೊದಲುತ್ತಿತ್ತು, ನನ್ನ ಕಾರು ಗೋಡೆಗೆ ಗುದ್ದುತ್ತಿತ್ತು, ನಾನು ಹಲ್ಲು ಕಡಿಯುತ್ತಿದ್ದೆ. ಅವ್ವ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು, "ಮತ್ತ ಹೊಡದೇನಬೇ ಗ್ವಾಡಿಗಿ?"

ಸಂಬಳ ಕೂಡಿಟ್ಟು ಎಲ್ಲಕ್ಕಿಂತ ದೊಡ್ಡ ಕಾರ್ಡನ್ನೇ ತರುವ ಹಟ ನನ್ನದು. ಅಷ್ಟರಲ್ಲಿ ದೇವದುರ್ಗದ ಸಂಬಂಧ ಕುದುರಿತು. ಹುಡುಗ ಒಳ್ಳೆಯವನು, ನನ್ನ ಆಟದ ಸುದ್ದಿ ಕೇಳಿ ನಕ್ಕಿದ್ದ. ಭಯ ಇದ್ದದ್ದು ಅವನ ತಾಯಿಯದು. ಅವರದು ಮಾತು ಕಮ್ಮಿ, ನೋಟ ಜಾಸ್ತಿ.

"ಮದುವ್ಯಾಗಿ ಹೋಗಾಕಿಗಿ ಮೂರ ಟೀವಿ ಯಾಕಬೇ? ನಾಕ ಮಂದಿ ಏನಂದಾರು?" ಅಂತ ಅವ್ವ ದಿನಾ ತಲೆ ತಿಂದಳು. "ಎರಡು ಇಲ್ಲೇ ಬಿಡು, ಆಮೇಲ ಒಯ್ಯುವಂತಿ."

ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುವ ನಾನು ಇದೊಂದರಲ್ಲಿ ಮೆತ್ತಗಾಗಿಬಿಟ್ಟೆ. ಹೊಸ ಮನೆಗೆ ಕಾಲಿಟ್ಟ ದಿನವೇ ಮನಸ್ತಾಪ ಯಾಕೆ, ಒಂದೇ ಪರದೆಗೆ ಸಾಕಾಗುವ ಸಣ್ಣ ಕಾರ್ಡು ಕೊಂಡರಾಯಿತು ಅಂದುಕೊಂಡೆ. ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಒಂದು ಆಟಕ್ಕಾಗಿ ಅಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಮದುವೆಯ ಸೀರೆ ಆರಿಸಲು ಅತ್ತೆಯಾಗುವವರು ರಾಯಚೂರಿಗೆ ಬಂದರು. ಬಟ್ಟೆ ಅಂಗಡಿಯಿಂದ ಹೊರಬಿದ್ದ ಮೇಲೆ, ಕಂಪ್ಯೂಟರ್ ಅಂಗಡಿಯಲ್ಲಿ ಸಣ್ಣ ಕೆಲಸವಿದೆ, ನೀವು ಅವ್ವನ ಜೊತೆ ಮನೆಗೆ ನಡೆಯಿರಿ ಅಂದೆ.

"ಇಂಥಾ ಬಿಸಲಾಗ ಒಬ್ಬಾಕಿನ ಎಲ್ಲಿ ಹೊಂಟಿ? ನಡಿ, ನಾನೂ ಬರ್ತೀನಿ" ಅಂತ ಸೆರಗು ತಲೆ ಮೇಲೆ ಎಳೆದುಕೊಂಡು ಬೆನ್ನು ಹತ್ತಿದರು. ಅವ್ವ ಒಬ್ಬಳೇ ಮನೆಗೆ ಹೋದಳು.

ಅಂಗಡಿಯವರು ನನ್ನನ್ನು ಬಹಳ ದಿನದಿಂದ ಬಲ್ಲರು. ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಡಬ್ಬಿ ಮುಂದಿಟ್ಟರು. ನಾನು ಸಣ್ಣದರ ಮೇಲೆ ಬೆರಳಿಟ್ಟೆ.

"ಇದ್ರಾಗ ಒಂದ ಸ್ಕ್ರೀನ್ ಚಂದ ನಡೀತದ ಮೇಡಂ. ಮೂರು ಹಚ್ಚಿದ್ರ ಇದರ ಹಣೆಬರಾನೂ ಅಷ್ಟ."

"ಒಂದ ಸಾಕ್ರಿ."

"ಮತ್ತ ಆ ಎರಡು?"

ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು. "ಯಾವ ಎರಡವಾ?" ಅಂದರು.

ಸಿಟ್ಟೋ ಅಳುವೋ ತಿಳಿಯದ ದನಿಯಲ್ಲಿ ಎಲ್ಲ ಒದರಿಬಿಟ್ಟೆ. ಮೂರು ಪರದೆ, ರೇಸು, ಎರಡನ್ನು ತವರಲ್ಲೇ ಬಿಟ್ಟು ಬರುವ ವಿಚಾರ, ಏನೂ ಉಳಿಸಲಿಲ್ಲ. ಇನ್ನು ಬೈಗುಳಕ್ಕೆ ತಯಾರಾಗಿ ನೆಲ ನೋಡುತ್ತ ನಿಂತೆ.

"ಬಾಗಲವಾಡದಾಗ ನಂದೊಂದು ಕೇರಂ ಬೋರ್ಡ್ ಇತ್ತು," ಅಂದರು ಅವರು. ಬಾಗಲವಾಡ ಅವರ ತವರು. "ನಮ್ಮ ಅಣ್ಣತಮ್ಮರು ಒಬ್ಬರೂ ನನ್ನ ಮುಂದ ಗೆಲ್ತಿದ್ದಿಲ್ಲ. ಮದುವ್ಯಾಗಿ ಬರೂವಾಗ, ಆಮೇಲ ಒಯ್ತೀನಿ ಅಂತ ಬಿಟ್ಟ ಬಂದೆ. ಮುಂದ ಹೋಗಿ ನೋಡಿದ್ರ ಅದನ್ನ ನೀರಿನ ಡ್ರಮ್ಮಿಗಿ ಮುಚ್ಚಿದ್ರು. ತೊಯ್ದು ಉಬ್ಬಿ ಹೋಗಿತ್ತವಾ."

ಆಮೇಲೆ ಅವರೇ ಅಂಗಡಿಯವರ ಕಡೆ ತಿರುಗಿದರು. "ಮೂರೂ ನಡಿಯೂದು ಯಾವದ್ರೀ?"

"ದೊಡ್ಡದೂ ನಡೀತದ್ರಿ ಅಮ್ಮಾ, ಆದ್ರ ಭಾಳ ಕರೆಂಟ್ ತಿಂತದ, ಖೋಲಿ ತುಂಬ ಧಗಿ. ನಡುವಿಂದು ಒಯ್ರಿ. ಆಟದಾಗಿನ ನೆರಳು, ಗಿಡದ ಎಲಿ ಒಂಚೂರು ಕಮ್ಮಿ ಇಟ್ಕೊಂಡ್ರ ಮೂರೂ ಸರಳ ಓಡ್ತಾವ."

"ನಮ್ಮೂರಾಗ ಇರೂ ಧಗೀನ ಸಾಕು. ನಡುವಿಂದ ಕೊಡ್ರಿ."

ಹೋದ ಜೀವ ಬಂದಂತಾಯಿತು. ದೊಡ್ಡ ಕಾರ್ಡಿನ ಕನಸು ಕಂಡಿದ್ದವಳು ನಾನು; ಆದರೆ ಆ ನಡುವಿನ ಡಬ್ಬಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಯಾವ ಕೊರತೆಯೂ ಕಾಣಲಿಲ್ಲ. ದಾರಿಯುದ್ದಕ್ಕೂ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಅತ್ತೆ ಮಾತ್ರ ಸೀರೆಯ ಅಂಚು ಬಣ್ಣ ಬಿಡುತ್ತದೋ ಏನೋ ಎಂಬ ಚಿಂತೆಯಲ್ಲಿದ್ದರು.

ಮದುವೆಯಾಗಿ, ದೇವದುರ್ಗಕ್ಕೆ ಸಾಮಾನು ಒಯ್ಯುವ ಟೆಂಪೊ ಬಾಗಿಲಿಗೆ ಬಂದು ನಿಂತಿತು. ಅವ್ವ ಎರಡು ಮಾನಿಟರನ್ನು ಮೆಲ್ಲಗೆ ಮಂಚದ ಕೆಳಗೆ ಸರಿಸಿಬಿಟ್ಟಿದ್ದಳು. ಅತ್ತೆ ಒಳಗೆ ಬಂದು ಮೇಜು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮೊಣಕಾಲೂರಿ ಬಗ್ಗಿ, ಎರಡನ್ನೂ ತಾವೇ ಹೊರಗೆಳೆದು, ನಾನು ಹೊದೆಯುವ ಹೊಸ ದುಪ್ಪಟಿಯಲ್ಲಿ ಸುತ್ತಿದರು.

"ಬೀಗತೀ, ಇವು ನಮ್ಮ ಸೊಸಿ ಸಾಮಾನ್ರಿ," ಅಂದರು ಅವ್ವನಿಗೆ. "ಇವೂ ಬರ್ತಾವ."