ಬೀಗರ ಗುಂಪಿಗೆ ಹೋದ ಚೀಟಿ

ಕಾಲುವೆ ದಂಡೆಯ ಹನುಮಪ್ಪನಿಗೆ ನಡೆದುಕೊಳ್ಳುವ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಕಾರಟಗಿಯಿಂದ ಶರಣು.

ಕಳೆದ ಶ್ರಾವಣದಲ್ಲಿ ನನ್ನ ಮಗಳು ವಿಜಯಾಳ ಹತ್ತಿರ ನಾಲ್ಕೇ ನಾಲ್ಕು ದಿನಕ್ಕಾಗುವಷ್ಟು ಗುಳಿಗೆ ಉಳಿದಿದ್ದವು. ಅವಳಿದ್ದದ್ದು ಐರ್ಲೆಂಡ್ ದೇಶದಲ್ಲಿ, ಐದು ತಿಂಗಳ ಬಸುರಿ. ನಾನಿದ್ದದ್ದು ಇಲ್ಲಿ, ಕೈಯಲ್ಲೊಂದು ಮೊಬೈಲು ಹಿಡಿದುಕೊಂಡು. ಆ ದಿನಗಳಲ್ಲಿ ಹನುಮಪ್ಪ ನನಗೆ ಏನು ಕೊಟ್ಟ, ನನ್ನಿಂದ ಏನು ಹೋಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಮುಚ್ಚಿಟ್ಟೇ ಕೆಟ್ಟವಳು ನಾನು.

ನಾನು ಅಂಗನವಾಡಿ ಕಾರ್ಯಕರ್ತೆ. ಬಸುರಿಯರ ಮನೆಮನೆಗೆ ಹೋಗಿ, "ಡಾಕ್ಟರ ಮುಂದ ಏನೂ ಮುಚ್ಚಿಡಬ್ಯಾಡ್ರವ್ವಾ" ಎಂದು ಹೇಳುವುದು ನನ್ನ ನೌಕರಿ. ಮನೆಗೆ ಬಂದ ಮೇಲೆ ಮುಚ್ಚಿಡುವುದು ನನ್ನ ಸ್ವಂತ ಕಸುಬು. ಇನ್ನು ಚಿಂತೆಯ ವಿಷಯ ಕೇಳಲೇಬೇಡಿ. ಮೋಡವಾದರೆ ಮಾಳಿಗೆ ಸೋರೀತೆಂದು ಚಿಂತೆ, ಬಿಸಿಲಾದರೆ ಕಾಲುವೆಗೆ ನೀರು ಬಿಡಲಾರರೆಂದು ಚಿಂತೆ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವವರು. "ನಿನ್ನ ಚಿಂತಿ ತೂಗಾಕ ಕುಂತ್ರ ನಮ್ಮ ಕಾಂಟಾನ ಮುರದು ಬೀಳತೈತಿ" ಎನ್ನುತ್ತಾರೆ.

ವಿಜಯಾಗೆ ಒಂಬತ್ತು ವರ್ಷವಿದ್ದಾಗ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಮೊದಲ ಸಲ ಮೂರ್ಛೆ ಬಂತು. ಕೊಪ್ಪಳದ ಡಾಕ್ಟರು ದಿನಕ್ಕೆರಡು ಗುಳಿಗೆ ಬರೆದರು. ಹೊತ್ತು ತಪ್ಪದೆ ನುಂಗಿದಳು, ಫಿಟ್ಸ್ ನಿಂತವು. ಅವಳು ದೊಡ್ಡವಳಾದ ಮೇಲೆ ಒಂದು ಸಲವೂ ಬರಲಿಲ್ಲ. ಅಷ್ಟರಲ್ಲಿ ಕುಷ್ಟಗಿಯಿಂದ ಸಂಬಂಧ ಬಂತು. ಹುಡುಗ ಮಾಂತೇಶ ಐರ್ಲೆಂಡಿನ ಹೋಟೆಲೊಂದರಲ್ಲಿ ಅಡುಗೆಯವನು. ಒಳ್ಳೆಯ ಜನ, ವರದಕ್ಷಿಣೆಯ ಸುದ್ದಿ ಎತ್ತಲಿಲ್ಲ. ಡಾಕ್ಟರು ನನ್ನನ್ನು ಕೂಡಿಸಿಕೊಂಡು ಹೇಳಿದ್ದರು: "ಬೀಗರಿಗೆ ಹೇಳೇ ಲಗ್ನ ಮಾಡ್ರಿ. ಇದೇನು ಕಳ್ಳತನ ಅಲ್ಲ, ಜಡ್ಡು." "ಆಗಲಿ ಸರ್" ಎಂದು ತಲೆಯಾಡಿಸಿ ಬಂದೆ. ಬಂದವಳು ಏನು ಮಾಡಿದೆ ಗೊತ್ತೇ?

ನಮ್ಮ ಕಡೆ ಹಳೆಯ ದೇವರ ಪಟಗಳನ್ನು ಕಸಕ್ಕೆ ಹಾಕುವುದಿಲ್ಲ, ಕಾಲುವೆಗೆ ಬಿಡುತ್ತೇವೆ. ನಾನು ಮಗಳ ದವಾಖಾನೆಯ ಫೈಲಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಹನುಮಪ್ಪನ ಗುಡಿಯ ಮುಂದಿನ ಮೆಟ್ಟಿಲಿನಿಂದಲೇ ಕಾಲುವೆಗೆ ಬಿಟ್ಟೆ. ಗುಳಿಗೆಗಳನ್ನು ಹಾಳೆಯಿಂದ ಒಂದೊಂದಾಗಿ ಬಿಡಿಸಿ ಶಕ್ತಿಗುಳಿಗೆಯ ಡಬ್ಬಿಗೆ ತುಂಬಿದೆ. "ಗಂಡ ಕೇಳಿದ್ರ ರಕ್ತ ಕಡಿಮಿ ಐತಿ, ಅದಕ್ಕ ಅನ್ನು" ಎಂದು ಮಗಳಿಗೆ ಪಾಠ ಹೇಳಿದೆ. ಹನುಮಪ್ಪ ಎಲ್ಲವನ್ನೂ ನೋಡುತ್ತ ನಿಂತಿದ್ದ. ಅವನಿಗೇ ಕೈಮುಗಿದು, "ಈ ಗುಟ್ಟು ಕಾಯಪ್ಪಾ" ಎಂದು ಬೇಡಿಕೊಂಡೆ.

ಮಗಳು ಹೋದ ಮೇಲೆ ಗುಳಿಗೆ ಕಳಿಸುವುದು ನನ್ನ ಕೆಲಸವಾಯಿತು. ಕಾರಟಗಿಯ ಔಷಧಿ ಅಂಗಡಿಯವನಿಗೆ ಚೀಟಿ ಬೇಕಿಲ್ಲ. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ತೆಗೆದಿಟ್ಟಿರುತ್ತಿದ್ದ. ಶೇಂಗಾ ಚಟ್ನಿಪುಡಿಯ ನಡುವೆ ಡಬ್ಬಿ ಹುದುಗಿಸಿ ಪಾರ್ಸೆಲ್ ಮಾಡುತ್ತಿದ್ದೆ. ಎರಡು ಸಲ ಮುಟ್ಟಿತು. ಮೂರನೆಯದನ್ನು ಅಲ್ಲಿಯ ಸುಂಕದವರು ತಡೆದರು. ಅಂಚೆಯಲ್ಲಿ ಇಂಥ ಔಷಧಿ ತರಿಸುವಂತಿಲ್ಲವೆಂದು ಮಗಳಿಗೆ ಕಾಗದ ಬಂತು. ಅದು ಗುರುವಾರ.

ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಡಬ್ಬಿ ಹಿಡಿದು ಅಲ್ಲಿಯ ಔಷಧಿ ಅಂಗಡಿಗೆ ಹೋದಳು. ಹೊರಗೆ ಬಂದು ಫೋನು ಮಾಡಿದಳು.

"ಅವ್ವಾ, ಕೊಡೂದಿಲ್ಲಂತ. ಇಲ್ಲಿ ಡಾಕ್ಟರ ಚೀಟಿ ಬೇಕಂತ."

"ಒಂದು ಹತ್ತು ಗುಳಿಗಿ ಕೊಡ್ರಿ ಅನ್ನಬೇಕಿಲ್ಲ?"

"ಇದೇನು ನಮ್ಮೂರೇನವ್ವಾ? ಅಂಗಡಿಯಾಕಿ ಇದು ಯಾವ ಗುಳಿಗಿ ಅಂತ ಫೋನಿನ್ಯಾಗ ಕನ್ನಡ ಮಾಡಿ ಕೇಳಿದ್ಳು. ಬಿಳೇದು, ಉದ್ದಂದು ಅಂದೆ. ಡಬ್ಬಿ ಮ್ಯಾಲೆ ಬ್ಯಾರೇನ ಬರದೈತಿ ಅಂದ್ಳು. ನಾ ಡಬ್ಬಿ ಚೀಲದಾಗ ಹಾಕ್ಕೊಂಡೆ. ಭಾಳ ಛಲೋ ಹೆಣ್ಮಗಳವ್ವಾ. ಕುರ್ಚಿ ಕೊಟ್ಟು ನೀರು ಕುಡಿಸಿದ್ಳು. ಬಸುರಿ ಅದಿ, ಇವತ್ತ ಹೆರಿಗಿ ದವಾಖಾನಿಗೆ ಹೋಗು, ಇದ್ದದ್ದು ಇದ್ದಂಗ ಹೇಳು, ಅವರು ಕೂಡ್ಲೇ ಬರಕೊಡ್ತಾರ ಅಂದ್ಳು."

"ಹಂಗಾರ ಹೋಗಬೇಕಿಲ್ಲವಾ!"

"ಅಲ್ಲಿ ಇವರು ನನ್ನ ಬಾಜೂಕ ಕುಂತಿರ್ತಾರ. ಡಾಕ್ಟರು ಇಂಗ್ಲೀಷಿನ್ಯಾಗ ಕೇಳಿದ್ದನ್ನ ಇವರ ನನಗ ಕನ್ನಡದಾಗ ಹೇಳೋರು. ಮೊದಲ ದಿನ ‘ಮೂರ್ಛೆ ಗೀರ್ಛೆ ಬರ್ತಿತ್ತೇನು ನಿನಗ?’ ಅಂತ ನಕ್ಕೋತ ಕೇಳಿದ್ರು. ಇಲ್ರಿ ಅಂದೀನಿ. ಈಗ ಯಾವ ಮಾರಿ ಇಟಗೊಂಡು ಹೇಳ್ಲಿ?"

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಹೇಳಿಬಿಡು. ಅದನ್ನು ಬಿಟ್ಟು, "ದಿನಕ್ಕ ಒಂದ ನುಂಗು, ಅಷ್ಟರಾಗ ನಾ ಏನರ ಮಾಡ್ತೀನಿ" ಎಂದೆ.

ಶನಿವಾರ ಕೊಪ್ಪಳಕ್ಕೆ ಹೋಗಬಹುದಿತ್ತು. ಶ್ರಾವಣ ಶನಿವಾರವೆಂದು ಹನುಮಪ್ಪನಿಗೆ ನೂರಾಎಂಟು ಸುತ್ತು ಹಾಕಲು ಹೋದೆ. ಐವತ್ತರ ಹತ್ತಿರ ಲೆಕ್ಕ ತಪ್ಪಿತು. ಹರಕೆ ಕೆಟ್ಟೀತೆಂಬ ಹೊಸ ಚಿಂತೆ ಹತ್ತಿ ಮತ್ತೆ ಮೊದಲಿನಿಂದ ಸುತ್ತಿದೆ. ಭಾನುವಾರ ದವಾಖಾನೆ ತೆರೆಯುವುದಿಲ್ಲ. ಸೋಮವಾರ ಮೊದಲ ಬಸ್ಸಿಗೆ ಗಂಗಾವತಿ, ಅಲ್ಲಿಂದ ಕೊಪ್ಪಳ. ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಗದ್ದೆಯಲ್ಲಿ ನಾಟಿ ಹಚ್ಚುವವರನ್ನು ನೋಡಿದೆ. ಬಗ್ಗಿದ ಬೆನ್ನುಗಳೆಲ್ಲ ನನ್ನ ಮಗಳ ಬೆನ್ನಿನಂತೆಯೇ ಕಂಡವು.

ಡಾಕ್ಟರು ಎಲ್ಲ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಕಂಪೌಂಡರ್ ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಮಗಳ ಹೆಸರು ಹುಡುಕಿದ. ಕಾಲುವೆಯಲ್ಲಿ ಕರಗಿಸಿದ್ದೇನೆಂದು ನಾನು ನಂಬಿದ್ದು ಅಲ್ಲಿ ಶಾಯಿಯಲ್ಲಿ ಒಣಗಿ ಕುಳಿತಿತ್ತು. ಡಾಕ್ಟರು ಜಡ್ಡಿನ ಹೆಸರು, ಗುಳಿಗೆಯ ಮೂಲ ಹೆಸರು, ಎಷ್ಟು, ಯಾವ ಹೊತ್ತು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಸಿಕ್ಕಾ ಒತ್ತಿದರು.

"ನನ್ನ ಚೀಟಿಗೆ ಅಲ್ಲಿ ಅಂಗಡ್ಯಾಗ ಗುಳಿಗಿ ಸಿಗೂದಿಲ್ಲ. ಆದ್ರ ಅಲ್ಲಿ ಡಾಕ್ಟರಿಗೆ ಇದನ್ನ ತೋರಿಸಿದ್ರ ಸಾಕು, ತಿಳೀತೈತಿ. ಅಳಿಯಗ ಕಳಸ್ರಿ. ಕೇಳಿದ್ರೇನ್ರಿ? ಅಳಿಯಗ."

"ಆಗಲಿ ಸರ್" ಎಂದು ಮತ್ತೆ ತಲೆಯಾಡಿಸಿದೆ.

ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಚೀಟಿಯ ಫೋಟೋ ತೆಗೆದೆ. ಅಳಿಯನ ಹೆಸರಿನ ಮೇಲೆ ಬೆರಳು ಹೋಯಿತು, ತಿರುಗಿ ಬಂತು. "ಹನುಮಪ್ಪಾ, ಗುಳಿಗಿನೂ ಸಿಗಲಿ, ಗುಟ್ಟೂ ಉಳೀಲಿ" ಎಂದು ಕಣ್ಣುಮುಚ್ಚಿ ಬೇಡಿಕೊಂಡು ಮಗಳಿಗೇ ಕಳಿಸಿದೆ. ಚಾಳೀಸು ಕನ್ನಡಕ ಮನೆಯಲ್ಲಿಯೇ ಉಳಿದಿತ್ತು. ಗಂಗಾವತಿ ಬಂದ ಮೇಲೆ ಅವಳ ಉತ್ತರ ಬಂತೇನೋ ಎಂದು ಫೋನು ದೂರ ಹಿಡಿದು ನೋಡುತ್ತೇನೆ, ಚೀಟಿ ಹೋಗಿದ್ದು ‘ವಿಜಯಾ’ಗೆ ಅಲ್ಲ, ‘ವಿಜಯಾ ಕುಬುಸ’ಕ್ಕೆ. ಅದು ಏಳನೆಯ ತಿಂಗಳಿನಲ್ಲಿ ಬಸುರಿಗೆ ಹಸಿರು ಸೀರೆ ಉಡಿಸುವ ಕುಬುಸದ ಶಾಸ್ತ್ರ ಹೇಗೆ ಮಾಡುವುದೆಂದು ಮಾತಾಡಿಕೊಳ್ಳಲು ಅಳಿಯ ಮಾಡಿದ ವಾಟ್ಸಾಪ್ ಗುಂಪು. ಅದರಲ್ಲಿ ಬೀಗತಿ ಶಾಂತಮ್ಮನವರಿಂದ ಹಿಡಿದು ಕುಷ್ಟಗಿಯ ಸಕಲ ಬಳಗವೂ ಇದೆ.

ತಕ್ಷಣ ಅಳಿಸಿದೆ. ಮಗಳಿಗೆ ಮತ್ತೊಮ್ಮೆ ಸರಿಯಾಗಿ ಕಳಿಸಿದೆ. "ನಾಳೆ ಇವರು ಜಲ್ದಿ ಹೋಗ್ತಾರ. ನಾಳೆ ಒಬ್ಬಾಕೀನ ದವಾಖಾನಿಗೆ ಹೋಗ್ತೀನವ್ವಾ" ಎಂದು ಬರೆದಳು. ಗುಂಪಿನಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ. ಊರಿಗೆ ಬಂದವಳು ಸೀದಾ ಗುಡಿಗೆ ಹೋಗಿ, ಗುಟ್ಟು ಕಾಯ್ದನಲ್ಲಾ ಎಂದು ಹನುಮಪ್ಪನಿಗೆ ಕಾಯಿ ಒಡೆಸಿದೆ. ಮನೆಯವರು ಆ ಕಾಯಿಯ ಹೋಳು ತಿನ್ನುತ್ತ, "ಏನ್ ಖುಷಿ ಇವತ್ತು?" ಎಂದರು. ಏನೂ ಇಲ್ಲವೆಂದೆ.

ಮಂಗಳವಾರ ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅಳಿಯನ ಫೋನು ಬಂತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಕ್ಕಿಲ್ಲ.

"ಅತ್ತಿ, ವಿಜಯಾ ಉಳಿದಾಳ." ಆಮೇಲೆ, "ಕೂಸು ಹೋತ್ರಿ. ಹೆಣ್ಣಿತ್ತು" ಎಂದ.

ಹಂಚಿನ ಮೇಲಿನ ರೊಟ್ಟಿ ಕರ್ರಗಾಗುವ ತನಕ ನನಗೆ ಬೇರೇನೂ ಕೇಳಿಸಲಿಲ್ಲ.

ನಡೆದದ್ದು ಹೀಗೆ. ಅಳಿಸುವಾಗ ಎಲ್ಲರಿಗೂ ಅಳಿಸುವುದೊಂದು, ನನಗಷ್ಟೇ ಅಳಿಸುವುದೊಂದು ಎಂದು ಎರಡು ಬರುತ್ತವಂತೆ. ನಾನು ಅಳಿಸಿದ್ದು ನನ್ನ ಫೋನಿನಲ್ಲಿ ಮಾತ್ರ. ಕುಷ್ಟಗಿಯಲ್ಲಿ ಚೀಟಿ ಹಾಗೆಯೇ ಇತ್ತು. ಬೀಗತಿಗೆ ಇಂಗ್ಲಿಷಿನಲ್ಲಿ ಹೆಸರು ಓದುವಷ್ಟೇ ಬರುತ್ತದೆ. ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಮಗನಿಗೆ ಫೋನು ಮಾಡಿ, "ನಿಮ್ಮತ್ತಿ ಯಾವುದೋ ದವಾಖಾನಿ ಕಾಗದ ಹಾಕ್ಯಾಳ, ವಿಜಯಾನ ಹೆಸರೈತಿ, ಏನು ನೋಡು" ಎಂದಿದ್ದಾರೆ. ಅಲ್ಲಿ ಮಧ್ಯಾಹ್ನ, ಊಟದ ಗಿರಾಕಿಗಳು ಕರಗಿದ ಹೊತ್ತು. ಅವನು ಓದಿದ್ದಾನೆ. ಹೆಂಡತಿಗೆ ಫೋನು ಮಾಡಿದರೆ ಎತ್ತಿಲ್ಲ. ಮೈಮೇಲಿನ ಅಡುಗೆಯ ಅಂಗಿಯಲ್ಲೇ ಓಡಿದ್ದಾನೆ. ಅವಳು ಒಲೆಯ ಮುಂದೆ ನೆಲದ ಮೇಲೆ ಬಿದ್ದಿದ್ದಳು. ಫಿಟ್ಸ್ ಒಂದು ಬಂದು, ಎಚ್ಚರ ಬರುವ ಮೊದಲೇ ಇನ್ನೊಂದು. ಆಂಬುಲೆನ್ಸಿನವರು ಏನೂ ಕೇಳುವ ಮೊದಲೇ ಅವನು ಚೀಟಿ ತೋರಿಸಿದನಂತೆ. "ಈ ಕಾಗದ ಇದ್ದದ್ದು ಛಲೋ ಆತು, ಯಾವ ಔಷಧಿ ಅಂತ ಹುಡುಕೋತ ಕೂಡೂದು ತಪ್ಪಿತು" ಎಂದು ಅಲ್ಲಿಯ ಡಾಕ್ಟರು ಅಂದರಂತೆ. ಎಂದಿನಂತೆ ಹೋಟೆಲು ಮುಚ್ಚಿಕೊಂಡು ಅವನು ಮನೆಗೆ ಬಂದಿದ್ದರೆ ನನ್ನ ಮಗಳೂ ಇರುತ್ತಿರಲಿಲ್ಲ.

ಅಳಿಯ ಮುಂದೆ, ನಿಮ್ಮ ಮಗಳನ್ನ ಕರೆದುಕೊಂಡು ಹೋಗ್ರಿ ಎನ್ನುವನೆಂದೇ ಲೆಕ್ಕ ಹಾಕಿದ್ದೆ. ಅವನು ಕೇಳಿದ್ದು: "ಅತ್ತಿ, ಆಕಿ ಗುಳಿಗಿ ಯಾವ ಹೊತ್ತಿಗೆ ನುಂಗ್ತಿದ್ಳು? ಖರೇ ಹೊತ್ತು ಹೇಳ್ರಿ." ಖರೇ ಎಂಬ ಮಾತನ್ನು ಒತ್ತಿಯೂ ಹೇಳಲಿಲ್ಲ. ಆದರೂ ಅದು ನನ್ನ ಎದೆಯಲ್ಲಿ ಇನ್ನೂ ಇದೆ.

ಆ ದವಾಖಾನೆಯವರು ಕೂಸಿನ ಪಾದಗಳ ಗುರುತನ್ನು ಒಂದು ಕಾರ್ಡಿನ ಮೇಲೆ ಒತ್ತಿ ಕೊಟ್ಟಿದ್ದಾರೆ. ಒಂದೊಂದು ಪಾದ ನನ್ನ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು. ಅಂಗನವಾಡಿಯಲ್ಲಿ ನಾನು ತೂಕ ಹಿಡಿದು ಬರೆದುಕೊಂಡ ಕೂಸುಗಳಿಗೆ ಲೆಕ್ಕವಿಲ್ಲ. ನನ್ನ ಮೊಮ್ಮಗಳನ್ನು ಮಾತ್ರ ಫೋಟೋದಲ್ಲಿಯೇ ಹಿಡಿದೆ.

ಆ ವಾರದ ಕೊನೆಗೆ ಶಾಂತಮ್ಮನವರು ಕುಷ್ಟಗಿಯಿಂದ ಬಸ್ಸು ಹತ್ತಿ ಬಂದರು. ನಾನು ಕಾಲಿಗೆ ಬೀಳಲು ಬಗ್ಗಿದೆ, ರಟ್ಟೆ ಹಿಡಿದು ಎಬ್ಬಿಸಿದರು. ನೀರು ಕುಡಿದರು, ಚಹಾ ಒಲ್ಲೆ ಎಂದರು.

"ಲಗ್ನಕ್ಕ ಮೊದ್ಲು ಹೇಳಿದ್ರ ನಾವು ಒಲ್ಲೆ ಅಂತಿದ್ವಿ. ಸುಳ್ಳ್ಯಾಕ ಹೇಳ್ಲಿ?" ಎಂದರು. "ಆದ್ರ ಲಗ್ನಾದ ಮರುದಿನ ಹೇಳಿದ್ರ ಏನ್ ಮಾಡ್ತಿದ್ವಿ, ಬೀಗತಿ? ಎರಡು ದಿನ ಒದರ್ಯಾಡ್ತಿದ್ದೆ. ಮೂರನೇ ದಿನ ನಾನ ಗುಳಿಗಿ ಕೈಯಾಗ ಕೊಡ್ತಿದ್ದೆ. ನನ್ನ ಮೊಮ್ಮಗಳು ಉಳೀತಿದ್ಳು."

ಅವರು ಚೀಲದಿಂದ ಹಸಿರು ಸೀರೆ ತೆಗೆದು ಮಂಚದ ಮೇಲಿಟ್ಟರು. ಕುಬುಸಕ್ಕೆಂದು ಮೊದಲೇ ತಂದಿಟ್ಟಿದ್ದು. "ನನ್ನ ಮನ್ಯಾಗ ನೋಡಾಕ ಆಗವಲ್ದು. ನೀವು ಇಟಗೊಳ್ರಿ. ಆಕಿಗೇ ಉಡಸೂದು, ಮುಂದ ಯಾವಾಗರ." ಹೊಸ್ತಿಲು ದಾಟುವಾಗ ನಿಂತು, "ಆ ಚೀಟಿ ಹಾಕಬೇಕಂತ ಬುದ್ಧಿ ಯಾರು ಕೊಟ್ರು ನಿಮಗ?" ಎಂದು ಕೇಳಿದರು. ತಪ್ಪಿ ಹಾಕಿದ್ದೆಂದು, ಅಳಿಸಲು ನೋಡಿದ್ದೆಂದು, ಕಾಯಿ ಒಡೆಸಿದ್ದೆಂದು ಎಲ್ಲ ಹೇಳಿದೆ. ಬೀಗರ ಮುಂದೆ ನಾನು ಪೂರ್ತಿ ಹೇಳಿದ ಮೊದಲ ನಿಜ ಅದು. ಅವರು ಅಳುತ್ತಲೇ ಇದ್ದರು, ನಡುವೆ ಸಣ್ಣಗೆ ನಕ್ಕೂಬಿಟ್ಟರು. "ನಿಮ್ಮ ಬೆರಳು ಹಿಡದಾಂವ ಹನುಮಪ್ಪನ ಬಿಡ್ರಿ. ನಿಮ್ಮ ಕೈಯಿಂದಂತೂ ಆಗೂ ಕೆಲಸಲ್ಲ ಅದು" ಎಂದರು.

ಅದನ್ನೇ ನಾನೂ ನಂಬಿದ್ದೇನೆ. ನಾನು ಬೇಡಿದ್ದು ಗುಟ್ಟು ಉಳಿಯಲೆಂದು. ಅದನ್ನೇ ಅವನು ಕೊಟ್ಟಿದ್ದರೆ ನನಗೆ ಗುಟ್ಟೊಂದೇ ಉಳಿಯುತ್ತಿತ್ತು. ಅವನು ನನ್ನ ಮಾತು ಮೀರಿ ನನ್ನ ಮಗಳನ್ನು ಉಳಿಸಿದ. ಕೂಸನ್ನು ಏಕೆ ಉಳಿಸಲಿಲ್ಲವೆಂದು ಅವನನ್ನು ಕೇಳುವ ಬಾಯಿ ನನಗಿಲ್ಲ. ಶುಕ್ರವಾರ, ಶನಿವಾರ, ಭಾನುವಾರ ಎಂದು ಮೂರು ದಿನ ಕೊಟ್ಟಿದ್ದ, ಅವನ್ನು ಕಳೆದವಳು ನಾನು. ಈಗ ಪ್ರತಿ ಶನಿವಾರ ಹೋಗುತ್ತೇನೆ. ಎಣಿಸದೆ ಸುತ್ತುತ್ತೇನೆ. ಅಂಗನವಾಡಿಗೆ ಬರುವ ಬಸುರಿಯರಿಗೆ ಇದೇ ಕಥೆ ಹೇಳುತ್ತೇನೆ, ನನ್ನ ಹೆಸರು ಹಿಡಿದೇ. ನಿಮ್ಮ ಮನೆಯಲ್ಲಿಯೂ ಬೇರೆ ಹೆಸರಿನ ಡಬ್ಬಿಯಲ್ಲಿ ಗುಳಿಗೆ ಇದ್ದರೆ, ತಾಯಂದಿರೇ, ಇವತ್ತೇ ಹೊರಗೆ ತೆಗೆಯಿರಿ.

ಆ ದೇಶದಲ್ಲಿ ಗುಳಿಗೆಯ ಡಬ್ಬಿಯ ಮೇಲೆ ರೋಗಿಯ ಹೆಸರು ಅಚ್ಚು ಮಾಡಿ ಅಂಟಿಸಿ ಕೊಡುತ್ತಾರೆ. ಕೊಡುವವಳು ಅವತ್ತು ಮಗಳಿಗೆ ನೀರು ಕುಡಿಸಿದ ಅದೇ ಹೆಣ್ಣುಮಗಳು. ತಿಂಗಳಿಗೊಮ್ಮೆ ಅಳಿಯ ಆ ಡಬ್ಬಿಯ ಫೋಟೋ ತೆಗೆದು ಅದೇ ಗುಂಪಿಗೆ ಹಾಕುತ್ತಾನೆ. ಗುಂಪಿನ ಹೆಸರನ್ನು ಯಾರೂ ಬದಲಿಸಿಲ್ಲ, ಬದಲಿಸಲು ಯಾರಿಗೂ ಮನಸ್ಸಾಗಿಲ್ಲ. ಕುಷ್ಟಗಿಯಿಂದ ಶಾಂತಮ್ಮನವರ ದನಿ ಬರುತ್ತದೆ: "ಎರಡೂ ಹೊತ್ತು ನುಂಗಿದಿಲ್ಲವಾ, ನನ್ನವ್ವಾ?" ಮಗಳು ಹೂಂ ಎನ್ನುತ್ತಾಳೆ. ನಾನು ಚಾಳೀಸು ಹಾಕಿಕೊಂಡು ಅವಳ ಹೆಸರನ್ನು ಒಂದೊಂದೇ ಅಕ್ಷರ ಓದಿ, ಫೋನನ್ನು ಹನುಮಪ್ಪನ ಪಟದ ಮುಂದೆ ಇಡುತ್ತೇನೆ. ಯಾವುದನ್ನೂ ಅಳಿಸುವುದಿಲ್ಲ.