ಗಿರಿಜಾದೇವಿಯ ನಾಲ್ಕನೆಯ ಚಿತ್ರ

ವಿಲಾಯತಿಯ ಕೆಂಟನ್ನಿನಲ್ಲಿರುವ ನಮ್ಮ ಕನ್ನಡದ ಜನಕ್ಕೆ ಕೆರೆ ನೋಡಬೇಕೆಂದರೆ ಬಸ್ಸು ಮಾಡಿಕೊಂಡು ಐದಾರು ತಾಸು ಉತ್ತರಕ್ಕೇ ಹೋಗಬೇಕು. ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಹೋಗಿ, ಮಳೆಯಲ್ಲಿ ನೆನೆದು, ಗುಡ್ಡದ ಮುಂದೆ ಸಾಲಾಗಿ ನಿಂತು ಫೋಟೊ ಹೊಡೆಸಿಕೊಂಡು ಬಂದರೆ ಜನ್ಮ ಸಾರ್ಥಕ. ಮನೆಯಿಂದ ಕಾಲು ಗಂಟೆಗೆ ವೆಲ್ಶ್ ಹಾರ್ಪ್ ಕೆರೆ ಇದೆಯಲ್ಲ ಎಂದರೆ, "ಅದಾ? ರಸ್ತೆ ಪಕ್ಕದ ಹೊಂಡ?" ಎಂದು ಮೂಗು ಮುರಿಯುತ್ತಾರೆ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು!

ವಿಜಯಪುರದಿಂದ ಬಂದು ಮೂವತ್ತು ವರ್ಷವಾಗಿದ್ದ ಗಿರಿಜಾದೇವಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟ ಮೇಲೆ ದಿನಾ ವಾಕಿಂಗ್ ಹೋಗುತ್ತಿದ್ದದ್ದು ಆ ಕೆರೆಗೇ. ಲೈಬ್ರರಿಯಲ್ಲಿ ಸ್ಥಳೀಯರು ತೆಗೆದ ಫೋಟೊಗಳ ಪ್ರದರ್ಶನವಿದೆ, ಒಂದೇ ಜಾಗದ ನಾಲ್ಕು ಋತುಗಳು ಬೇಕು ಎಂದು ಗೊತ್ತಾದದ್ದೇ ತಡ, ಟೊಂಕ ಕಟ್ಟಿ ನಿಂತಳು.

"ಹೊಂಡ ಅಂತಾರಲ್ಲ, ಈ ಕೆರಿ ಏನಂತ ತೋರಸ್ತೀನಿ ಇವರಿಗೆ," ಎಂದು ಮಗಳು ಸ್ಫೂರ್ತಿಗೆ ಹೇಳಿದಳು.

ದಂಡೆಯ ಒಂದು ವಿಲೋ ಮರವನ್ನೇ ನಾಲ್ಕು ಚಿತ್ರಕ್ಕೂ ಆರಿಸಿಕೊಂಡಳು. ವಸಂತದಲ್ಲಿ ಅದರ ಕೆಳಗೆ ಜುಟ್ಟಿನ ನೀರುಹಕ್ಕಿಗಳು ಗೂಡಿಗಾಗಿ ಕಚ್ಚಾಡಿದವು. ಬೇಸಿಗೆಯಲ್ಲಿ ಪಾಚಿಯ ನಾತದ ನಡುವೆ ಬಿಳಿ ಹಾಯಿದೋಣಿಗಳು ಬಂದವು. ಎಲೆ ಹಳದಿಯಾಗುವ ಹೊತ್ತಿಗೆ ಮೂರು ಚಿತ್ರ ಮುಗಿದಿದ್ದವು. ಉಳಿದದ್ದು ಚಳಿಗಾಲ. ಚಳಿಗಾಲವೆಂದರೆ ಹಿಮ ಎಂದು ಆಕೆಯೂ ನಂಬಿದ್ದಳು. ದಿನಾ ಬೆಳಿಗ್ಗೆ ಪರದೆ ಸರಿಸಿ ನೋಡಿದ್ದೇ ಬಂತು. ಒಮ್ಮೆ ನಾಲ್ಕು ಹರಳು ಉದುರಿದವು. ಓಡಿ ದಂಡೆ ಮುಟ್ಟುವಷ್ಟರಲ್ಲಿ ಅವೂ ನೀರಾಗಿದ್ದವು.

ಚಿತ್ರ ಕಳಿಸುವ ಗಡುವು ಬಂದಾಗ ಇದ್ದದ್ದನ್ನೇ ತೆಗೆದಳು: ಬೋಳು ಮರ, ಬೂದಿ ಬಣ್ಣದ ನೀರು, ಕೆಸರಲ್ಲಿ ಚಕ್ರ ಮೇಲೆ ಮಾಡಿ ಬಿದ್ದ ಅಂಗಡಿಯ ಟ್ರಾಲಿ. ಬಹಳ ಹೊತ್ತು ನೋಡಿದಳು. ತಾನು ಮೂರು ತಿಂಗಳು ಕಂಡದ್ದು ಇದನ್ನೇ. ನಾಲ್ಕನ್ನೂ ಇಮೇಲ್ ಮಾಡಲು ಸ್ಫೂರ್ತಿಗೆ ಕೊಟ್ಟಳು.

ಮಾರ್ಚ್ ಮೊದಲ ವಾರ ಪ್ರದರ್ಶನ ಶುರುವಾಯಿತು. ಲೈಬ್ರರಿಯ ಬಾಗಿಲಲ್ಲೇ ಪೋಸ್ಟರ್. ಮೇಲೆ ಆಕೆಯ ವಿಲೋ ಮರ, ಕೆಳಗೆ ದೊಡ್ಡದಾಗಿ ಆಕೆಯ ಹೆಸರು. ಮರದ ಕೊಂಬೆಕೊಂಬೆಗೂ ಹಿಮ. ಟ್ರಾಲಿ ಮಂಗಮಾಯ. ಒಳಗೆ ಗೋಡೆಯ ಮೇಲೂ ಅದೇ ಚಿತ್ರ.

"ಮಮ್ಮಿ, ಆ್ಯಪ್‌ನಲ್ಲಿ ಜಸ್ಟ್ ಸ್ನೋ ಆ್ಯಡ್ ಮಾಡಿದೆ. ಇಟ್ ಲುಕ್ಡ್ ಸೋ ಸ್ಯಾಡ್," ಎಂದಳು ಸ್ಫೂರ್ತಿ. "ನೋಡು, ಎಲ್ಲರಿಗೂ ಇದೇ ಫೇವರಿಟ್!"

ಅದು ಸುಳ್ಳಲ್ಲ. ಉಳಿದ ಮೂರನ್ನು ಬಿಟ್ಟು ಜನ ಅದರ ಮುಂದೆಯೇ ನಿಂತಿದ್ದರು. ಬಸ್ಸಿನ ಪ್ರವಾಸಗಳ ಮುಂದಾಳು, ಬೆಂಗಳೂರಿನ ಕಾಮಾಕ್ಷಿ, ಓಡಿಬಂದು ಕೈ ಹಿಡಿದಳು. "ಗಿರಿಜಕ್ಕ, ನಮ್ಮ ಹತ್ರಾನೇ ಇಂಥ ಜಾಗ ಇತ್ತಾ! ಈ ಸಂಡೇ ಎಲ್ಲಾರೂ ಹೋಗೋಣ."

ವರ್ಷವಿಡೀ ಕೇಳಬೇಕೆಂದಿದ್ದ ಮಾತು. ಗಿರಿಜಾದೇವಿಯ ಎದೆ ತುಂಬಿ ಬಂತು, ಇಲ್ಲವೆನ್ನಲಾಗದು. ಬಾಯಿ ಮುಚ್ಚಿಕೊಂಡರೆ ಹೆಸರೂ ಉಳಿಯುತ್ತಿತ್ತು, ಕೆರೆಯ ಮಾನವೂ ಉಳಿಯುತ್ತಿತ್ತು. ಆದರೆ ಹಿಮ ಹೊದಿಸಿದರಷ್ಟೇ ಚೆಂದ ಎಂದಾದರೆ, ಹೊಂಡ ಎಂದವರ ಮಾತಿಗೆ ತಾನೇ ಹೂಂಗುಟ್ಟಿದಂತಾಯಿತಲ್ಲ! ಆಕೆಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಮುಂದೆ ಹೋಗಿ ಚೌಕಟ್ಟನ್ನು ಮೊಳೆಯಿಂದ ಎತ್ತಿದಳು.

"ಅಯ್ಯೋ, ಯಾಕ್ರೀ ತೆಗೀತೀರಾ? ಗೋಡೆ ಬೋಳಾಗತ್ತೆ!" ಎಂದಳು ಕಾಮಾಕ್ಷಿ.

"ಆಗ್ಲಿ. ಈ ವರ್ಷ ಅಲ್ಲಿ ಸ್ನೋ ಬಿದ್ದಿಲ್ಲ, ಕಾಮಾಕ್ಷಿ. ಚಳಿಗಾಲ ಹ್ಯಾಂಗಿತ್ತು ಅಂತ ನೋಡೋದಿದ್ರ ಈಗ ನಡೀರಿ, ಇನ್ನೂ ಹಂಗ ಅದ. ಕೆಸರಿನ್ಯಾಗ ಟ್ರಾಲಿ ಸೈತ ಬಿದ್ದದ."

ಚೌಕಟ್ಟನ್ನು ಮಗಳ ಕೈಗಿಟ್ಟು ಗಿರಿಜಾದೇವಿ ಹೊರಟಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಪೋಸ್ಟರನ್ನೂ ಕಿತ್ತಳು. ಮರವಿದ್ದ ಅರ್ಧವನ್ನು ಹರಿದು ಕಸದ ಡಬ್ಬಿಗೆ ಹಾಕಿ, ಹೆಸರಿದ್ದ ಅರ್ಧವನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡು ಕೆರೆಯ ಕಡೆ ನಡೆದಳು.