ಪದ್ದತ್ತೆಯ ಕಪ್ಪು ಗಿಡ

ಮಳೆ ಹನಿಯಿತೆಂದರೆ ಸಾಕು, ನಮ್ಮ ಪದ್ದತ್ತೆ ತಾನು ನೆನೆದುಕೊಂಡು ಅಂಗಳಕ್ಕೆ ಓಡಿ, ಅಪ್ಪನ ಮುಟ್ಟಾಳೆಯನ್ನು ಒಂದು ಗಿಡದ ತಲೆಗೆ ಇಟ್ಟು ಬರುತ್ತಿದ್ದರು. ಅಡಿಕೆ ಹಾಳೆಯ ಆ ಟೊಪ್ಪಿಗಾಗಿ ಅಪ್ಪ ಮನೆಯಿಡೀ ಹುಡುಕಿ ಕೊನೆಗೆ ಬರಿದಲೆಯಲ್ಲೇ ಗದ್ದೆಗಿಳಿಯಬೇಕು.

"ಅಕ್ಕಾ, ನನ್ನ ತಲೆಗಿಂತ ಅದರ ತಲೆ ಹೆಚ್ಚಾ?"

"ನಿನ್ನದು ನೀರು ಬಿದ್ದರೆ ಕೊಳೆಯುವುದಿಲ್ಲವಲ್ಲ ಮಾರಾಯ!"

ಪದ್ದತ್ತೆ ಎಂದರೆ ಅಪ್ಪನ ಅಕ್ಕ ಪದ್ಮಾವತಿ. ಮದುವೆ ಕೂಡಿಬಂದಿರಲಿಲ್ಲ. ನೋಡಲು ಬಂದವರೆಲ್ಲ ಹುಡುಗಿ ಕಪ್ಪೆಂದು ಎದ್ದು ಹೋದರಂತೆ. ಇದು ಅಮ್ಮ ಹೇಳಿದ್ದು, ಪದ್ದತ್ತೆ ಎಂದೂ ಬಾಯಿಬಿಟ್ಟವರಲ್ಲ. ಮಧೂರಿನ ನಮ್ಮ ಮನೆಯಲ್ಲಿ ಅವರದ್ದೆಂದು ಇದ್ದದ್ದು ಆ ಗಿಡ ಒಂದೇ.

ನೀಲಗಿರಿಯ ಯಾವುದೋ ಬಂಗಲೆಯಿಂದ ಅಪ್ಪನ ಗೆಳೆಯರು ತಂದದ್ದು. ದಪ್ಪ ಎಲೆಗಳು ಸುತ್ತುಸುತ್ತಾಗಿ ಜೋಡಿಸಿಕೊಂಡು ಹೂವಿನ ಹಾಗೆ ಕೂತಿರುತ್ತಿದ್ದವು, ಬಣ್ಣ ಮಾತ್ರ ಬಾಣಲೆಯ ತಳದ್ದು. ಅದರ ಉಪಚಾರವೋ, ಅಬ್ಬಬ್ಬಾ! ಬರೀ ಮಣ್ಣು ಆಗದು, ಹೊಳೆಯ ದಪ್ಪ ಮರಳು ಬೇಕು, ಗಿಡದ ಚಟ್ಟಿಯ ತಳಕ್ಕೆ ಹಂಚಿನ ಚೂರು ಬೇಕು. ತುಂಡು ಮುರಿದರೆ ನೆಡುವ ಮೊದಲು ಅದರ ಗಾಯ ಒಣಗಬೇಕೆಂದು ಅಟ್ಟದಲ್ಲಿ ಮಲಗಿಸುತ್ತಿದ್ದರು. ಅಮ್ಮ ಅದನ್ನು ಕಸವೆಂದು ಗುಡಿಸಿ ಎಸೆದ ದಿನ ಪದ್ದತ್ತೆ ಊಟವನ್ನೇ ಬಿಟ್ಟರು. ಪಾಪ ಎಂದು ಯಾರಾದರೂ ಒಂದು ಚೆಂಬು ನೀರು ಹೊಯ್ದರೆ ಮುಗಿಯಿತು. "ಅದು ಕೇಳಿತಾ ನಿನ್ನ ಹತ್ರ ನೀರು?"

ಎಲ್ಲಕ್ಕಿಂತ ತಲೆಬಿಸಿ ಬಿಸಿಲಿನದ್ದು. ನೆರಳಲ್ಲಿಟ್ಟರೆ ಗಿಡ ಹಸಿರಾಗುತ್ತದೆ ಎಂದು, ಬಿಸಿಲು ಸರಿದ ಹಾಗೆಲ್ಲ ಇವರು ಚಟ್ಟಿ ಸರಿಸುವುದು. ಒಣಹಾಕಿದ ಹಪ್ಪಳವನ್ನು ಬದಿಗೆ ತಳ್ಳಿ ಅದಕ್ಕೆ ಜಾಗ. ಅದೇ ಅಂಗಳಕ್ಕೆ ನಾನು ಕಾಲಿಟ್ಟರೆ ಅಮ್ಮ ಒಳಗಿಂದಲೇ, "ಒಳಗೆ ಬಾ, ಕಪ್ಪಾಗ್ತಿ!" ಎಂದು ಕೂಗುವರು. ಹೊರಗೆ ಪದ್ದತ್ತೆ ಗಿಡಕ್ಕೆ, "ಕಾಯಿಸಿಕೋ ಮಗಾ, ಚಂದ ಕಪ್ಪಾಗು" ಎನ್ನುವರು. ಇಬ್ಬರ ನಡುವೆ ನಾನು. ನನ್ನ ಬಣ್ಣವೂ ಅತ್ತೆಯದ್ದೇ.

ಮದುವೆಯ ವಯಸ್ಸಾದಾಗ ನನ್ನನ್ನು ನೋಡಲು ಬೆಳ್ಳೂರಿನಿಂದ ಗಂಡಿನ ಕಡೆಯವರು ಬಂದರು. ಅಮ್ಮ ಉಪಾಯದಿಂದ ನನ್ನನ್ನು ಚಾವಡಿಯ ಕತ್ತಲೆ ಮೂಲೆಯಲ್ಲಿ ಕೂರಿಸಿದ್ದರು. ಹುಡುಗನ ತಾಯಿ ಅಂಗಳದ ಗಿಡ ನೋಡಿ, "ಇದೆಂತ, ಕರಟಿ ಹೋಗಿದೆ?" ಎಂದು ಕೇಳಿದ್ದೇ ತಪ್ಪಾಯಿತು.

"ಕರಟಿದ್ದಲ್ಲ, ಅದರ ಬಣ್ಣವೇ ಅದು. ನೆರಳಲ್ಲಿ ಬಚ್ಚಿಟ್ಟರೆ ಬೇರೆ ಕಾಣ್ತದೆ. ನಮ್ಮ ಹುಡುಗಿಯೂ ಹಾಗೇ" ಎಂದರು ಪದ್ದತ್ತೆ. ಅಷ್ಟಕ್ಕೆ ನಿಲ್ಲಿಸಬಾರದೇ? "ಮಗಾ, ಆ ಕತ್ತಲಲ್ಲಿ ಎಂತ ಮಾಡ್ತಿ? ಬೆಳಕಿಗೆ ಬಂದು ಕೂತ್ಕೋ, ಸರಿಯಾಗಿ ನೋಡ್ಲಿ."

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಬಂದು ಕೂತೆ. ಅವರು ನೋಡಿದರು. ಬೆಲ್ಲ ನೀರು ಕುಡಿದು ಹೋದವರಿಂದ ಮತ್ತೆ ಸುದ್ದಿಯೇ ಇಲ್ಲ.

"ನಿಮ್ಮದಂತೂ ಆಗ್ಲಿಲ್ಲ, ನನ್ನದನ್ನೂ ಹಾಳು ಮಾಡಿದಿರಿ!" ಎಂದು ಕಿರುಚಿದೆ.

ಪದ್ದತ್ತೆ ಗಿಡದ ಒಣಗಿದ ಎಲೆ ಕೀಳುತ್ತ ಕೂತಿದ್ದರು. "ಅಲ್ಲ ಮಗಾ, ಬಚ್ಚಿಟ್ಟು ಕೊಟ್ಟರೆ, ಅವರ ಮನೆಯಲ್ಲಿ ಬಿಸಿಲು ಬೀಳುವುದಿಲ್ವಾ?"

ನನ್ನ ಸಿಟ್ಟು ಅದರಿಂದೇನೂ ಇಳಿಯಲಿಲ್ಲ. ಆದರೆ ಮುಂದಿನ ವರ್ಷ ಕುಂಜತ್ತೂರಿನವರು ಬಂದಾಗ ನಾನಾಗಿಯೇ ಬಾಗಿಲ ಬಳಿ ಬೆಳಕಿಗೆ ಕೂತೆ. ಅಮ್ಮ ಕಣ್ಣು ಬಿಟ್ಟರು, ನಾನು ನೋಡದ ಹಾಗೆ ಮಾಡಿದೆ. ಮದುವೆ ಅಲ್ಲಿಗೇ ಆಯಿತು. ಹೊರಡುವಾಗ ಎಲ್ಲರೂ ಅಳುತ್ತಿದ್ದರೆ ಪದ್ದತ್ತೆಯದ್ದು ಒಂದೇ ರಗಳೆ: "ಸರಿ, ಬದಿಗೆ ನಿಂತು ಅಳಿ, ಬಿಸಿಲಿಗೆ ಅಡ್ಡ ಬರ್ತೀರಿ." ನಾನು ಅವರನ್ನು ಜೀವಂತ ಕಂಡದ್ದು ಅದೇ ಕೊನೆ.

ಅವರು ತೀರಿಕೊಂಡ ಮೇಲೆ ನಾನು ಬೊಜ್ಜದ ಉತ್ತರಕ್ರಿಯೆಗೆ ಬಂದಾಗ ಅಂಗಳದಲ್ಲಿ ಹಪ್ಪಳ ಅಗಲವಾಗಿ ಹರಡಿತ್ತು. ಗಿಡ ಜಗಲಿಯ ಮೂಲೆಯ ನೆರಳಲ್ಲಿತ್ತು, ಹಚ್ಚ ಹಸಿರಾಗಿ.

"ನೋಡು, ಅವರು ಹಾಸಿಗೆ ಹಿಡಿದಲ್ಲಿಂದ ದಿನಾ ನೀರು ಹಾಕಿ ಹೇಗೆ ಮಾಡಿದ್ದೇನೆ! ಈಗ ಅದಕ್ಕೊಂದು ಕಳೆ ಬಂತು" ಎಂದರು ಅಮ್ಮ. ಕಣ್ಣಲ್ಲಿ ನೀರಿತ್ತು. ಪದ್ದತ್ತೆಗಾಗಿಯೇ ಮಾಡಿದ್ದು, ಅದರಲ್ಲಿ ಸಂಶಯವಿಲ್ಲ.

ನಾನು ಹಪ್ಪಳವನ್ನು ಬದಿಗೆ ತಳ್ಳಿ ಚಟ್ಟಿಯನ್ನು ಅಂಗಳದ ನಡುವಿಗೆ ಎಳೆದೆ.

"ಎಂತ ಮಾಡ್ತಿ? ಕಪ್ಪಾಗ್ತದೆ!"

"ಆಗ್ಲಿ ಅಮ್ಮಾ" ಎಂದೆ.